ನಿದ್ರೆಯ ಗುಣ ಮತ್ತು ಬುದ್ಧಿಯ ಕಾರ್ಯಶಕ್ತಿ: ಹೊಗೆಸೊಪ್ಪಿನ ಸೀಮೆಯ ಒಂದು ನಿದರ್ಶನ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಆಷಾಢದಿಂದ ಭಾದ್ರಪದದವರೆಗಿನ ರಾತ್ರಿಗಳಲ್ಲಿ ಸಂಚರಿಸಿದವರಿಗೆ ಒಂದು ದೃಶ್ಯವು ಚಿರಪರಿಚಿತವಾದುದು. ಹೊಲದ ಬದಿಯಲ್ಲಿ ಎತ್ತರವಾಗಿ ನಿಂತ ಬ್ಯಾರನ್ ಮನೆ, ಅದರ ಒಲೆಯ ಬಾಯಲ್ಲಿ ಉರಿಯುವ ಸೌದೆ, ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತ ಒಬ್ಬ ಕಾವಲುಗಾರ. ಆ ಕಾವಲುಗಾರನೇ ಮರುದಿನ ಹತ್ತು ಗಂಟೆಗೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸುವ ವಿದ್ಯಾರ್ಥಿಯೂ ಆಗಿರಬಹುದು. ಅಧ್ಯಾಪಕರು ಅವನನ್ನು ಮಂದಬುದ್ಧಿಯವನೆಂದೋ ಸೋಮಾರಿಯೆಂದೋ ಎಣಿಸುವ ಸಂಭವವುಂಟು. ಈ ಎಣಿಕೆ ಎಷ್ಟರಮಟ್ಟಿಗೆ ನ್ಯಾಯವಾದುದು? ನಿದ್ರೆಯು ಕೆಟ್ಟಾಗ ಬುದ್ಧಿಯಲ್ಲಿ ಏನು ಕೆಡುತ್ತದೆ, ಏನು ಕೆಡದೆ ಉಳಿಯುತ್ತದೆ? ಈ ಪ್ರಶ್ನೆಗಳನ್ನು ನಾಲ್ಕು ತಾಲ್ಲೂಕುಗಳ ನಿದರ್ಶನವನ್ನು ಮುಂದಿಟ್ಟುಕೊಂಡು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

1. ಬ್ಯಾರನ್ ಕಾವಲಿನ ಸ್ವರೂಪ

ಈ ಸೀಮೆಯಲ್ಲಿ ಬೆಳೆಯುವುದು ವರ್ಜೀನಿಯಾ ಜಾತಿಯ ಹೊಗೆಸೊಪ್ಪು. ಇದು ಮಳೆಯನ್ನೇ ನಂಬಿದ ಬೇಸಾಯ. ಮೇ ತಿಂಗಳ ಮಳೆಗೆ ಸಸಿಗಳನ್ನು ನಾಟಿಮಾಡಿದರೆ ಜುಲೈ ತಿಂಗಳ ಹೊತ್ತಿಗೆ ಎಲೆ ಮುರಿಯುವ ಕೆಲಸ ಆರಂಭವಾಗುತ್ತದೆ. ಗಿಡದ ಎಲೆಗಳೆಲ್ಲವೂ ಒಮ್ಮೆಗೇ ಮಾಗುವುದಿಲ್ಲ. ಬುಡದಿಂದ ತುದಿಯ ಕಡೆಗೆ ಕ್ರಮವಾಗಿ ಮಾಗುತ್ತವೆ. ಆದುದರಿಂದ ಒಂದು ಸಲಕ್ಕೆ ಕೆಲವೇ ಎಲೆಗಳನ್ನು ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ ಬೇಯಿಸಬೇಕು. ಒಂದು ಸಲದ ಸೊಪ್ಪು ಹದವಾಗಲು ಸುಮಾರು ಐದರಿಂದ ಏಳು ದಿನಗಳು ಬೇಕು. ಅದನ್ನು ಇಳಿಸುವಷ್ಟರಲ್ಲಿ ಮುಂದಿನ ಎಲೆ ಮಾಗಿರುತ್ತದೆ. ಹೀಗೆ ವಾರದ ಹಿಂದೆ ವಾರ, ಎರಡು ತಿಂಗಳಿಗೂ ಮೇಲ್ಪಟ್ಟು, ಒಲೆ ಆರುವಂತಿಲ್ಲ.

ಬ್ಯಾರನ್ನಿನ ನೆಲದ ಮೇಲೆ ಹಾಯ್ದಿರುವ ತಗಡಿನ ಕೊಳವೆಗಳಲ್ಲಿ ಬಿಸಿಹೊಗೆ ಹರಿಯುತ್ತದೆ. ಹೊಗೆ ಸೊಪ್ಪನ್ನು ಮುಟ್ಟುವುದಿಲ್ಲ, ಕಾವು ಮಾತ್ರ ಮುಟ್ಟುತ್ತದೆ. ಮೊದಲನೆಯ ಹಂತದಲ್ಲಿ ಕಾವನ್ನು ಸುಮಾರು 90ರಿಂದ 105 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ನಿಲ್ಲಿಸಿ, ತೇವವನ್ನು ಕಾಪಾಡಿ, ಎಲೆಯನ್ನು ಹಳದಿಗೆ ತಿರುಗಿಸಬೇಕು. ಎಲೆಯೊಳಗಿನ ಪಿಷ್ಟವು ಸಕ್ಕರೆಯಾಗುವುದು ಈ ಹಂತದಲ್ಲಿ. ಎರಡನೆಯದರಲ್ಲಿ ಗಾಳಿಕಿಂಡಿಗಳನ್ನು ತೆರೆದು, ಕಾವನ್ನು ಮೆಲ್ಲಮೆಲ್ಲನೆ ಏರಿಸಿ, ಬಣ್ಣವನ್ನು ನಿಲ್ಲಿಸಿ ಎಲೆಯನ್ನು ಒಣಗಿಸಬೇಕು. ಮೂರನೆಯದರಲ್ಲಿ ಸುಮಾರು 160 ಡಿಗ್ರಿಯವರೆಗೆ ಏರಿಸಿ ಎಲೆಯ ನಡುನರವನ್ನು ಒಣಗಿಸಬೇಕು. ಕಾವು ಬೇಗ ಏರಿದರೆ ಹಸಿರು ಬಣ್ಣ ಹಾಗೆಯೇ ನಿಂತುಬಿಡುತ್ತದೆ. ಎಲೆ ಒಣಗುವುದು ತಡವಾದರೆ ಕಂದಿಹೋಗುತ್ತದೆ. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿ ಉರಿಯಬಹುದು. ತಂಬಾಕು ಮಂಡಳಿಯು 1976ರಲ್ಲಿ ಸ್ಥಾಪಿತವಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿಯನ್ನು ಜಾರಿಗೆ ತಂದಮೇಲೆ, ಸೊಪ್ಪಿನ ಬೆಲೆಯು ಹರಾಜುಕಟ್ಟೆಯಲ್ಲಿ ದರ್ಜೆಯನ್ನು ನೋಡಿ ನಿರ್ಧಾರವಾಗುತ್ತ ಬಂದಿದೆ. ಬಣ್ಣವು ದರ್ಜೆಯ ಒಂದು ಮುಖ್ಯ ಲಕ್ಷಣ. ಆದುದರಿಂದ ಒಂದು ರಾತ್ರಿಯ ಅಜಾಗರೂಕತೆಯು ಒಂದು ಸಂಸಾರದ ವರ್ಷದ ದುಡಿಮೆಯಲ್ಲಿ ಒಂದು ಪಾಲನ್ನು ನುಂಗಬಲ್ಲುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಗಲಿನಲ್ಲಿ ಎಲೆ ಮುರಿಯುವುದು, ಹೊರುವುದು, ಕಟ್ಟುವುದು ದೇಹಶ್ರಮದ ಕೆಲಸಗಳು. ರಾತ್ರಿಯ ಕಾವಲಿನಲ್ಲಿ ಆಗಾಗ ಸೌದೆ ಹಾಕುವುದನ್ನು ಬಿಟ್ಟರೆ ಶ್ರಮ ಅಲ್ಪ; ಬೇಕಾದುದು ಅವಧಾನ. ಉಷ್ಣಮಾಪಕವನ್ನು ನೋಡಬೇಕು, ಒಲೆಯನ್ನು ನೋಡಬೇಕು, ಗಾಳಿಕಿಂಡಿಯನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸಬೇಕು, ಮತ್ತೆ ಕಾಯಬೇಕು. ಬಹಳ ಹೊತ್ತು ಏನೂ ಸಂಭವಿಸದೆ, ಎಂದೋ ಒಮ್ಮೆ ಸಂಭವಿಸುವುದನ್ನು ತಪ್ಪದೆ ಹಿಡಿಯಬೇಕಾದ ಇಂಥ ಕೆಲಸವನ್ನು ಮನಶ್ಶಾಸ್ತ್ರದಲ್ಲಿ ಜಾಗರೂಕತೆಯ ಕೆಲಸವೆನ್ನುತ್ತಾರೆ. ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಎಂಬವರು 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದಂಥ ಒಂದು ಬಿಲ್ಲೆಯ ಮೇಲೆ ಚಲಿಸುವ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುವುದನ್ನು ಗುರುತಿಸಬೇಕಾಗಿತ್ತು. ಮೊದಲ ಅರ್ಧ ಗಂಟೆಯೊಳಗಾಗಿಯೇ ನೋಡುಗರ ಅವಧಾನವು ಸಡಿಲವಾಗುತ್ತಿದ್ದುದು ಕಂಡುಬಂದಿತು. ಚೆನ್ನಾಗಿ ಎಚ್ಚರವಾಗಿರುವವನ ಸ್ಥಿತಿಯೇ ಹೀಗಿರುವಲ್ಲಿ, ನಿದ್ರೆಗೆಟ್ಟವನ ಸ್ಥಿತಿ ಹೇಗಿದ್ದೀತು?

2. ನಿದ್ರೆಯ ಗುಣವೆಂದರೇನು

ನಿದ್ರೆಯನ್ನು ಗಂಟೆಗಳ ಲೆಕ್ಕದಲ್ಲಿ ಮಾತ್ರ ಅಳೆಯುವುದು ವಾಡಿಕೆ. ಆದರೆ ಅವಧಿಯೊಂದೇ ನಿದ್ರೆಯ ಗುಣವಲ್ಲ. ಎಷ್ಟು ಹೊತ್ತು ಎಂಬುದರ ಜೊತೆಗೆ ಎಷ್ಟು ಅಖಂಡವಾಗಿ, ಯಾವ ಹೊತ್ತಿನಲ್ಲಿ, ಎಷ್ಟು ಗಾಢವಾಗಿ ಎಂಬುವನ್ನೂ ಕೂಡಿಸಿಕೊಳ್ಳಬೇಕು. ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು 1953ರಲ್ಲಿ, ಮಲಗಿದವನ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ವಿಶಿಷ್ಟ ನಿದ್ರಾವಸ್ಥೆಯನ್ನು ವರದಿಮಾಡಿದರು. ಅಂದಿನಿಂದ ನಡೆದ ಸಂಶೋಧನೆಗಳ ಫಲವಾಗಿ, ನಿದ್ರೆಯು ಸುಮಾರು ತೊಂಬತ್ತು ನಿಮಿಷಗಳ ಆವರ್ತನಗಳಲ್ಲಿ ಸಾಗುತ್ತದೆಂಬುದೂ, ಗಾಢನಿದ್ರೆಯ ಹೆಚ್ಚು ಪಾಲು ರಾತ್ರಿಯ ಮೊದಲ ಭಾಗದಲ್ಲಿ ಬರುತ್ತದೆಂಬುದೂ, ಕಣ್ಣು ಚಲಿಸುವ ನಿದ್ರೆಯ ಹೆಚ್ಚು ಪಾಲು ಬೆಳಗಿನ ಜಾವದಲ್ಲಿ ಬರುತ್ತದೆಂಬುದೂ ತಿಳಿದುಬಂದಿವೆ. ಎರಡು ಗಂಟೆಗೊಮ್ಮೆ ಎದ್ದು ಸೌದೆ ಹಾಕುವವನಿಗೆ ಈ ಆವರ್ತನಗಳು ಪೂರ್ಣಗೊಳ್ಳುವುದಿಲ್ಲ.

ಒಂದು ಸರಳವಾದ ಲೆಕ್ಕವನ್ನು ನೋಡಬಹುದು. ರಾತ್ರಿ 10 ಗಂಟೆಗೆ ಮಲಗಿ ಬೆಳಗ್ಗೆ 5 ಗಂಟೆಗೆ ಏಳುವವನು 7 ಗಂಟೆ ಹಾಸಿಗೆಯಲ್ಲಿ ಕಳೆದನೆನ್ನೋಣ. ಮೂರು ಸಲ ಎದ್ದು, ಬ್ಯಾರನ್ನಿನ ಬಳಿಗೆ ಹೋಗಿ, ಬಂದು, ಮತ್ತೆ ಕಣ್ಣು ಹತ್ತುವವರೆಗೆ ಒಟ್ಟು 2 ಗಂಟೆ ಕಳೆದರೆ, ಅವನು ನಿಜವಾಗಿ ಮಲಗಿದುದು 5 ಗಂಟೆ. ಮಲಗಿದ ಕಾಲವನ್ನು ಹಾಸಿಗೆಯ ಕಾಲದಿಂದ ಭಾಗಿಸಿದರೆ ಶೇಕಡಾ 71 ಬರುತ್ತದೆ. ಇದನ್ನು ನಿದ್ರೆಯ ದಕ್ಷತೆ ಎನ್ನುತ್ತಾರೆ. ಸಾಮಾನ್ಯವಾಗಿ ಶೇಕಡಾ 85ನ್ನು ಒಳ್ಳೆಯ ನಿದ್ರೆಯ ಕನಿಷ್ಠ ಮಿತಿಯೆಂದು ಭಾವಿಸುತ್ತಾರೆ. 1989ರಲ್ಲಿ ಪ್ರಕಟವಾಗಿ ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ಪಿಟ್ಸ್‌ಬರ್ಗ್ ನಿದ್ರಾಗುಣ ಸೂಚಿಯು ದಕ್ಷತೆಯೂ ಸೇರಿದಂತೆ ಏಳು ಅಂಶಗಳನ್ನು ಅಳೆದು, 0ಯಿಂದ 21ರವರೆಗೆ ಅಂಕ ಕೊಡುತ್ತದೆ. 5ಕ್ಕೆ ಮೀರಿದ ಅಂಕವು ಕೆಟ್ಟ ನಿದ್ರೆಯ ಸೂಚನೆ.

ಹೊತ್ತಿನ ವಿಷಯವೂ ಅಷ್ಟೇ ಮುಖ್ಯವಾದುದು. ಸ್ವಿಟ್ಜರ್ಲೆಂಡಿನ ಬೊರ್ಬೆಲಿ ಅವರು 1982ರಲ್ಲಿ ಮಂಡಿಸಿದ ವಾದದ ಪ್ರಕಾರ ನಿದ್ರೆಯನ್ನು ಎರಡು ಶಕ್ತಿಗಳು ಆಳುತ್ತವೆ. ಎಚ್ಚರವಾಗಿದ್ದಷ್ಟು ಹೊತ್ತೂ ಬೆಳೆಯುತ್ತ ಹೋಗುವ ನಿದ್ರೆಯ ಒತ್ತಡ ಒಂದು. ಹಗಲಿರುಳುಗಳನ್ನು ಅನುಸರಿಸಿ ನಡೆಯುವ ಒಳಗಡಿಯಾರ ಇನ್ನೊಂದು. ಬೆಳಗಿನ ಜಾವ ಸುಮಾರು ಮೂರರಿಂದ ಐದು ಗಂಟೆಯವರೆಗಿನ ಅವಧಿಯಲ್ಲಿ ಇವೆರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ನಿದ್ರೆಯ ಒತ್ತಡ ಅತ್ಯಧಿಕವಾಗಿರುತ್ತದೆ, ಒಳಗಡಿಯಾರವು ದೇಹದ ಕಾವನ್ನು ಅತ್ಯಂತ ಕೆಳಗೆ ಇಳಿಸಿರುತ್ತದೆ. ಬ್ಯಾರನ್ನಿನ ಕಾವು ಏರುವ ಇಳಿಯುವ ಲೆಕ್ಕಕ್ಕೆ ಈ ಹೊತ್ತಿನ ಮುಲಾಜಿಲ್ಲ.

3. ನಿದ್ರೆಗೆಟ್ಟ ಬುದ್ಧಿಯಲ್ಲಿ ಕೆಡುವುದೇನು

ಈ ವಿಷಯದ ಪ್ರಯೋಗಗಳು ಹೊಸವಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಪ್ಯಾಟ್ರಿಕ್ ಮತ್ತು ಗಿಲ್ಬರ್ಟ್ ಅವರು 1896ರಷ್ಟು ಹಿಂದೆಯೇ ಮೂವರನ್ನು 90 ಗಂಟೆಗಳ ಕಾಲ ಎಚ್ಚರವಾಗಿರಿಸಿ ಅವರ ಪ್ರತಿಕ್ರಿಯೆಯ ವೇಗವನ್ನೂ ಸ್ಮೃತಿಯನ್ನೂ ಅಳೆದಿದ್ದರು. ಆದರೆ ನಮ್ಮ ನಿದರ್ಶನಕ್ಕೆ ಹೆಚ್ಚು ಹತ್ತಿರವಾದುದು ಪೂರ್ತಿ ಜಾಗರಣೆಯಲ್ಲ. ದಿನವೂ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುವ ನಿದ್ರೆ. ಈ ಬಗೆಯ ಪ್ರಯೋಗಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದುದು ಪ್ರಸಿದ್ಧವಾಗಿದೆ. ಅವರು 48 ಮಂದಿ ಆರೋಗ್ಯವಂತ ವಯಸ್ಕರನ್ನು ತಂಡಗಳಾಗಿ ವಿಂಗಡಿಸಿ, ಕೆಲವರಿಗೆ ರಾತ್ರಿಗೆ 4 ಗಂಟೆ, ಕೆಲವರಿಗೆ 6 ಗಂಟೆ, ಕೆಲವರಿಗೆ 8 ಗಂಟೆ ಮಲಗಲು ಅವಕಾಶ ಕೊಟ್ಟು 14 ದಿನ ಪರೀಕ್ಷಿಸಿದರು. ಇನ್ನೊಂದು ತಂಡವನ್ನು ಪೂರ್ತಿಯಾಗಿ ಎಚ್ಚರವಾಗಿರಿಸಿದರು. 14 ದಿನಗಳ ಕೊನೆಯಲ್ಲಿ 6 ಗಂಟೆ ಮಲಗಿದವರ ಅವಧಾನವು ಒಂದು ರಾತ್ರಿ ಪೂರ್ತಿ ಜಾಗರಣೆ ಮಾಡಿದವರ ಮಟ್ಟಕ್ಕೆ, 4 ಗಂಟೆ ಮಲಗಿದವರ ಅವಧಾನವು ಎರಡು ರಾತ್ರಿ ಜಾಗರಣೆ ಮಾಡಿದವರ ಮಟ್ಟಕ್ಕೆ ಇಳಿದಿತ್ತು.

ಇದಕ್ಕಿಂತಲೂ ಗಂಭೀರವಾದುದು ಆ ಪ್ರಯೋಗದ ಇನ್ನೊಂದು ಫಲಿತಾಂಶ. ದಿನದಿಂದ ದಿನಕ್ಕೆ ತಪ್ಪುಗಳು ಹೆಚ್ಚುತ್ತ ಹೋದರೂ, ತಮಗೆ ಎಷ್ಟು ತೂಕಡಿಕೆಯಿದೆಯೆಂದು ಆ ಜನರೇ ಹೇಳಿದ ಮಾತು ಕೆಲವು ದಿನಗಳ ಅನಂತರ ಹೆಚ್ಚು ಬದಲಾಗಲಿಲ್ಲ. ಅಂದರೆ ನಿದ್ರೆಯ ಕೊರತೆಯು ಅವಧಾನವನ್ನು ಕುಗ್ಗಿಸುವುದಷ್ಟೇ ಅಲ್ಲ, ಕುಗ್ಗಿದೆಯೆಂಬ ಅರಿವನ್ನೂ ಕುಗ್ಗಿಸುತ್ತದೆ. "ನನಗೆ ಅಭ್ಯಾಸವಾಗಿದೆ" ಎಂದು ಬ್ಯಾರನ್ ಕಾಯುವವನು ಹೇಳುವ ಮಾತು ಸುಳ್ಳಲ್ಲ. ಅವನಿಗೆ ಹಾಗೆಯೇ ಅನಿಸುತ್ತಿರುತ್ತದೆ. ಆದರೆ ಅಭ್ಯಾಸವಾಗಿರುವುದು ತೂಕಡಿಕೆಯ ಅನುಭವಕ್ಕೆ. ಅವಧಾನದ ನಷ್ಟಕ್ಕೆ ಅಭ್ಯಾಸವೆಂಬುದಿಲ್ಲ.

ಕೆಡುವ ಕ್ರಮವನ್ನೂ ತಿಳಿಯುವುದು ಅಗತ್ಯ. ನಿದ್ರೆಗೆಟ್ಟವನು ಎಲ್ಲ ಹೊತ್ತೂ ಒಂದೇ ಸಮನೆ ನಿಧಾನವಾಗುವುದಿಲ್ಲ. ಬಹುಪಾಲು ಸರಿಯಾಗಿಯೇ ಪ್ರತಿಕ್ರಿಯಿಸುತ್ತಾನೆ. ನಡುನಡುವೆ ಕೆಲವು ಕ್ಷಣ ಅವಧಾನವು ಸಂಪೂರ್ಣವಾಗಿ ತಪ್ಪಿಹೋಗುತ್ತದೆ. ಕಣ್ಣು ತೆರೆದೇ ಇದ್ದರೂ ಉಷ್ಣಮಾಪಕ ಕಾಣುವುದಿಲ್ಲ. ಆಸಕ್ತಿ ಹುಟ್ಟಿಸುವ ಲೆಕ್ಕವನ್ನೋ ವಾದವನ್ನೋ ಮುಂದಿಟ್ಟರೆ ಅವನು ಸ್ವಲ್ಪ ಹೊತ್ತು ಚೆನ್ನಾಗಿಯೇ ನಿರ್ವಹಿಸಬಲ್ಲನು; ಮೊದಲು ಸೋಲುವುದು ಏಕತಾನವಾದ ದೀರ್ಘ ಕೆಲಸದಲ್ಲಿ. ಬ್ಯಾರನ್ ಕಾವಲೂ ತರಗತಿಯಲ್ಲಿ ಕುಳಿತು ಪಾಠ ಕೇಳುವುದೂ ಈ ದೃಷ್ಟಿಯಿಂದ ಒಂದೇ ಜಾತಿಗೆ ಸೇರಿದ ಕೆಲಸಗಳೆಂಬುದನ್ನು ಅಧ್ಯಾಪಕರು ವಿನೋದವೆಂದು ತಳ್ಳಿಹಾಕಬಾರದು.

ಅಪಾಯದ ಪ್ರಮಾಣವನ್ನು ಇನ್ನೊಂದು ಅಳತೆಯಿಂದಲೂ ತಿಳಿಯಬಹುದು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಅವರು 1997ರಲ್ಲಿ ತೋರಿಸಿದಂತೆ, ಸತತವಾಗಿ 17 ಗಂಟೆ ಎಚ್ಚರವಾಗಿದ್ದವನ ಕೈಕಣ್ಣುಗಳ ಹೊಂದಾಣಿಕೆಯು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ 5 ಗಂಟೆಗೆ ಎದ್ದ ರೈತನು ರಾತ್ರಿ 10 ಗಂಟೆಗೇ ಈ ಸ್ಥಿತಿಯನ್ನು ಮುಟ್ಟಿರುತ್ತಾನೆ. ಆಗ ಅವನ ಕಾವಲು ಇನ್ನೂ ಆರಂಭವಾಗಿರುತ್ತದೆ ಅಷ್ಟೆ.

4. ಕಲಿಕೆಗೂ ನಿದ್ರೆಗೂ ಇರುವ ಸಂಬಂಧ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾದ 1924ರಲ್ಲಿಯೇ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಸ್ಮೃತಿಯನ್ನು ಕುರಿತ ಒಂದು ಚಿಕ್ಕ ಪ್ರಯೋಗ ಪ್ರಕಟವಾಯಿತು. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಪದಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿಸಿ, ಅನಂತರ ಮಲಗಿದಾಗಲೂ ಎಚ್ಚರವಾಗಿದ್ದಾಗಲೂ ಎಷ್ಟು ನೆನಪುಳಿಯುತ್ತದೆಂದು ಪರೀಕ್ಷಿಸಿದರು. ಎಂಟು ಗಂಟೆ ಕಳೆದಮೇಲೆ, ಮಲಗಿದ್ದವರಲ್ಲಿ ಸುಮಾರು ಅರ್ಧದಷ್ಟು ಉಳಿದಿದ್ದಿತು. ಎಚ್ಚರವಾಗಿದ್ದವರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉಳಿದಿದ್ದಿತು. ನಿದ್ರೆಯು ಹೊಸ ಅನಿಸಿಕೆಗಳ ದಾಳಿಯಿಂದ ಸ್ಮೃತಿಯನ್ನು ರಕ್ಷಿಸುತ್ತದೆಂದು ಅವರು ಊಹಿಸಿದರು. ಗಾಢನಿದ್ರೆಯಲ್ಲಿ ಮಿದುಳು ಹಗಲಿನ ಅನುಭವವನ್ನು ಪುನಃ ಚಲಾಯಿಸಿ ದೃಢಪಡಿಸುತ್ತದೆಂಬುದು ಈಚಿನ ಸಂಶೋಧನೆಗಳ ಅಭಿಪ್ರಾಯ. ಅಲ್ಲದೆ, ನಿದ್ರೆಗೆಟ್ಟ ಮಿದುಳು ಹೊಸದನ್ನು ಗ್ರಹಿಸುವುದರಲ್ಲಿಯೂ ಹಿಂದೆ ಬೀಳುತ್ತದೆ. ಆದುದರಿಂದ ಬ್ಯಾರನ್ ಮನೆಯ ವಿದ್ಯಾರ್ಥಿಗೆ ನಷ್ಟವು ಎರಡು ಕಡೆಯಿಂದ ಬರುತ್ತದೆ: ಇಂದಿನ ಪಾಠ ಸರಿಯಾಗಿ ಒಳಗೆ ಹೋಗುವುದಿಲ್ಲ, ನಿನ್ನೆಯದು ಸರಿಯಾಗಿ ನೆಲೆಯೂರುವುದಿಲ್ಲ. ಈ ನಷ್ಟವನ್ನು ಬುದ್ಧಿಶಕ್ತಿಯ ಅಭಾವವೆಂದು ತಿಳಿಯುವುದು ಶಾಸ್ತ್ರಸಮ್ಮತವಲ್ಲ. ನಿದ್ರೆ ತುಂಬಿದಮೇಲೆ ಅವಧಾನವು ಹಿಂತಿರುಗುತ್ತದೆ. ಬಹುದಿನಗಳ ಕೊರತೆಯಾದರೆ ಒಂದೇ ರಾತ್ರಿಯಲ್ಲಿ ಅಲ್ಲ, ಹಲವು ರಾತ್ರಿಗಳಲ್ಲಿ.

ವಿದ್ಯಾರ್ಥಿನಿಯರ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಕಾವಲು ಸಾಮಾನ್ಯವಾಗಿ ಗಂಡಸರ ಪಾಲಿಗೆ ಬಂದರೆ, ಸೊಪ್ಪು ಕಟ್ಟುವ ಕೆಲಸದ ಹೆಚ್ಚು ಭಾಗ ಹೆಂಗಸರದು. ಕತ್ತಲಾದಮೇಲೂ ಕಟ್ಟಿ ಮುಗಿಸಿ, ನಸುಕಿಗೇ ಎದ್ದು ಆಳುಗಳಿಗೆ ಅಡಿಗೆ ಮಾಡಬೇಕಾದ ಮನೆಗಳಲ್ಲಿ ತಾಯಿಗೂ ಮಗಳಿಗೂ ನಿದ್ರೆಯ ಎರಡು ತುದಿಗಳೂ ಮೊಟಕಾಗುತ್ತವೆ. ಬ್ಯಾರನ್ನಿನ ಮುಂದೆ ಕಾಣುವುದಿಲ್ಲವಾದ ಕಾರಣ ಈ ಕೊರತೆ ಲೆಕ್ಕಕ್ಕೆ ಬರುವುದು ಕಡಿಮೆ.

5. ಸಂಬಂಧವನ್ನು ಕಾರಣವೆಂದು ಭ್ರಮಿಸಬಾರದು

ಇಷ್ಟಾದರೂ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಮರೆಯಬಾರದು. ಕೆಟ್ಟ ನಿದ್ರೆಯೂ ಕಡಿಮೆ ಅಂಕವೂ ಒಂದೆಡೆ ಕಂಡೊಡನೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವಂತಿಲ್ಲ. ಪ್ರಯೋಗಶಾಲೆಯಲ್ಲಿ ನಿದ್ರೆಯೊಂದನ್ನೇ ಬದಲಾಯಿಸಬಹುದು. ಹುಣಸೂರಿನ ಹೊಲದಲ್ಲಿ ಹಾಗಲ್ಲ. ಮಳೆಯಲ್ಲಿ ನೆನೆದ ಹಸಿ ಎಲೆಯನ್ನು ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ, ವಾಕರಿಕೆ, ತಲೆಸುತ್ತು, ತಲೆನೋವುಗಳು ಬರುತ್ತವೆ. ನಿಕೋಟಿನ್ ಸ್ವತಃ ನಿದ್ರೆಯನ್ನು ಕೆಡಿಸುವ ವಸ್ತು. ಸೌದೆಯ ಹೊಗೆಯಿದೆ, ಹರಾಜಿನ ಬೆಲೆಯನ್ನೂ ಸಾಲವನ್ನೂ ಕುರಿತ ಚಿಂತೆಯಿದೆ. ಚಿಂತೆಯು ನಿದ್ರೆಯನ್ನೂ ಅವಧಾನವನ್ನೂ ಬೇರೆಬೇರೆಯಾಗಿಯೇ ಕೆಡಿಸಬಲ್ಲುದು. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಆನೆಯಿಂದ ಬೆಳೆ ಕಾಯಲು ಅಟ್ಟಣೆಯ ಮೇಲೆ ಕಳೆಯುವ ರಾತ್ರಿಗಳು ಹೊಗೆಸೊಪ್ಪಿನ ಕಾಲ ಮುಗಿದಮೇಲೂ ಮುಗಿಯುವುದಿಲ್ಲ.

ವಯಸ್ಸು ಮತ್ತು ವಿದ್ಯಾಭ್ಯಾಸಗಳನ್ನೂ ಪರಿಗಣಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೇಲ್ಪಟ್ಟ ಗ್ರಾಮೀಣರ ಬೌದ್ಧಿಕ ಸಾಮರ್ಥ್ಯವನ್ನು ವರ್ಷಗಳುದ್ದಕ್ಕೂ ಅನುಸರಿಸುವ ಅಧ್ಯಯನವನ್ನು ಕೈಗೊಂಡಿದೆ. ಇಂಥ ದೀರ್ಘಾಧ್ಯಯನದ ವಿಶೇಷವೇನೆಂದರೆ, ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವುದರ ಬದಲು ಅವನನ್ನು ಅವನೊಡನೆಯೇ ಹೋಲಿಸಬಹುದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಹೋಲಿಕೆಗೆ ಪ್ರಕೃತಿಯೇ ಅನುಕೂಲ ಮಾಡಿಕೊಟ್ಟಿದೆ: ಮೇ ತಿಂಗಳಲ್ಲಿ ಬ್ಯಾರನ್ ತಣ್ಣಗಿರುತ್ತದೆ, ಆಗಸ್ಟಿನಲ್ಲಿ ಉರಿಯುತ್ತದೆ, ಜನವರಿಯಲ್ಲಿ ಮತ್ತೆ ತಣ್ಣಗಾಗಿರುತ್ತದೆ.

6. ಕಾಲೇಜಿನಲ್ಲಿ ಮಾಡಬಹುದಾದ ಒಂದು ಪರೀಕ್ಷೆ

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಒಬ್ಬನು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದು, ಸೊನ್ನೆಯ ಗುರುತನ್ನು ಇನ್ನೊಬ್ಬನ ಬೆರಳುಗಳ ನಡುವೆ ಇರಿಸಿ, ಸೂಚನೆ ಕೊಡದೆ ಬಿಡಬೇಕು. ಇನ್ನೊಬ್ಬನು ಅದನ್ನು ಹಿಡಿಯಬೇಕು. ಪಟ್ಟಿಯು 15 ಸೆಂಟಿಮೀಟರ್ ಬಿದ್ದಿದ್ದರೆ ಪ್ರತಿಕ್ರಿಯೆಯ ಕಾಲ ಸುಮಾರು 0.175 ಸೆಕೆಂಡು, 20 ಬಿದ್ದಿದ್ದರೆ 0.202, 30 ಬಿದ್ದಿದ್ದರೆ 0.247 ಸೆಕೆಂಡು. ಬೀಳುವ ವಸ್ತುವಿನ ನಿಯಮದಿಂದ ಇದನ್ನು ಲೆಕ್ಕಹಾಕಬಹುದು. ಹತ್ತಿಪ್ಪತ್ತು ಸಲ ಮಾಡಿ, ಸರಾಸರಿಯನ್ನು ಮಾತ್ರವಲ್ಲದೆ ಎಷ್ಟು ಸಲ ಪಟ್ಟಿ ಪೂರ್ತಿಯಾಗಿ ಕೈತಪ್ಪಿತೆಂಬುದನ್ನೂ ಬರೆದುಕೊಳ್ಳಬೇಕು. ಮೇಲೆ ಹೇಳಿದ ಅವಧಾನಭಂಗದ ಸುಳಿವು ಸಿಕ್ಕುವುದು ಅಲ್ಲಿಯೇ. ಹಿಂದಿನ ರಾತ್ರಿ ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದ ಸಲಗಳು, ಇವನ್ನು ಪಕ್ಕದಲ್ಲಿಯೇ ಗುರುತಿಸಬೇಕು. ಇದು ಸ್ಥೂಲವಾದ ಪರೀಕ್ಷೆ. ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ದೀರ್ಘ ಅವಧಾನದ ಸೋಲನ್ನು ಇದು ಪೂರ್ತಿ ಹಿಡಿಯಲಾರದು. ಆದರೂ ಒಬ್ಬನೇ ವಿದ್ಯಾರ್ಥಿಯನ್ನು ದಿನದ ಒಂದೇ ಹೊತ್ತಿನಲ್ಲಿ, ವರ್ಷದ ಮೂರು ಕಾಲಗಳಲ್ಲಿ ಪರೀಕ್ಷಿಸಿದರೆ ಫಲಿತಾಂಶವು ವಿಚಾರಾರ್ಹವಾಗುತ್ತದೆ. ಹೆಸರುಗಳನ್ನು ಗೋಪ್ಯವಾಗಿಡಬೇಕೆಂಬುದನ್ನೂ, ಫಲಿತಾಂಶವನ್ನು ಅಂಕಪಟ್ಟಿಗೆ ಸೇರಿಸಬಾರದೆಂಬುದನ್ನೂ ಹೇಳಬೇಕಾಗಿಲ್ಲ.

7. ಮಾಡತಕ್ಕದ್ದು

ಸೊಪ್ಪು ಹದವಾಗಲೇಬೇಕು, ಯಾರಾದರೂ ಕಾಯಲೇಬೇಕು. ಆದರೆ ಕಾಯುವ ಕ್ರಮವನ್ನು ತಿದ್ದಬಹುದು. ಇಬ್ಬರು ಇಡೀ ರಾತ್ರಿ ಎದ್ದೆದ್ದು ಮಲಗುವುದಕ್ಕಿಂತ, ಒಬ್ಬನು ನಡುರಾತ್ರಿಯವರೆಗೆ, ಇನ್ನೊಬ್ಬನು ಅನಂತರ ಎಂದು ಪಾಲು ಮಾಡಿಕೊಂಡು, ಪ್ರತಿಯೊಬ್ಬನೂ ದಿನವೂ ಒಂದೇ ಹೊತ್ತಿನಲ್ಲಿ ಕನಿಷ್ಠ ನಾಲ್ಕು ಗಂಟೆಯಾದರೂ ಅಖಂಡವಾಗಿ ಮಲಗುವುದು ಮೇಲು. ಹೀಗೆ ನೆಲೆಯಾದ ನಾಲ್ಕು ಗಂಟೆಯ ನಿದ್ರೆಯು ಒಳಗಡಿಯಾರವನ್ನು ಹಳಿತಪ್ಪದಂತೆ ಹಿಡಿದಿಡಲು ನೆರವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಉಳಿದ ಕೊರತೆಯನ್ನು ಹಗಲಿನ ನಿದ್ರೆಯಿಂದ ತುಂಬಿಕೊಳ್ಳಬೇಕು. ನಿದ್ರೆಯಿಂದ ಎದ್ದೊಡನೆ ಕೆಲವು ಹೊತ್ತು ಬುದ್ಧಿಗೆ ಮಂಪರು ಕವಿದಿರುತ್ತದೆ. ಆಗಲೇ ಗಾಳಿಕಿಂಡಿಯನ್ನು ತಿರುವದೆ, ಮುಖ ತೊಳೆದು, ಕಾಲು ಗಂಟೆ ತಾಳಿ, ಅನಂತರ ತೀರ್ಮಾನಿಸುವುದು ಒಳ್ಳೆಯದು. ಕಾವಿನ ಅಂಕೆಗಳನ್ನು ಗಂಟೆಗಂಟೆಗೂ ಪುಸ್ತಕದಲ್ಲಿ ಬರೆದಿಟ್ಟರೆ ನೆನಪನ್ನು ನಂಬಬೇಕಾಗುವುದಿಲ್ಲ. ಮೂರು ಗಂಟೆಯ ಜಾವದಲ್ಲಿ ನೆನಪು ನಂಬಿಕೆಗೆ ಅರ್ಹವೂ ಅಲ್ಲ.

ಕಾಲೇಜಿನ ಪಾಲಿನ ಕರ್ತವ್ಯವೂ ಉಂಟು. ಪದವಿಪೂರ್ವ ತರಗತಿಗಳು ಜೂನ್ ತಿಂಗಳಲ್ಲಿ ಆರಂಭವಾಗಿ, ಮೊದಲ ಕಿರುಪರೀಕ್ಷೆಗಳು ನಡೆಯುವ ಹೊತ್ತಿಗೆ ಬ್ಯಾರನ್ನುಗಳು ಉರಿಯುತ್ತಿರುತ್ತವೆ. ಆ ಪರೀಕ್ಷೆಯ ಅಂಕಗಳು ವಿದ್ಯಾರ್ಥಿಯ ಬುದ್ಧಿಯನ್ನಷ್ಟೇ ಅಳೆಯುವುದಿಲ್ಲ. ಅವನ ಹಿಂದಿನ ಹತ್ತು ರಾತ್ರಿಗಳನ್ನೂ ಅಳೆಯುತ್ತವೆ. ಆ ತಿಂಗಳುಗಳಲ್ಲಿ ಹೊಸ ಹಾಗೂ ಕಠಿಣವಾದ ಪಾಠವನ್ನು ವಿದ್ಯಾರ್ಥಿಯ ಎಚ್ಚರ ಹೆಚ್ಚಿರುವ ಹೊತ್ತಿಗೆ ಹೊಂದಿಸುವುದು, ಒಂದೇ ಸಮನೆ ಉಪನ್ಯಾಸ ಮಾಡದೆ ನಡುನಡುವೆ ಪ್ರಶ್ನೆ, ಲೆಕ್ಕ, ಚರ್ಚೆಗಳನ್ನು ತರುವುದು, ಮುಖ್ಯ ಅಂಶಗಳನ್ನು ಅಕ್ಟೋಬರಿನ ಅನಂತರ ಮತ್ತೊಮ್ಮೆ ಹೇಳುವುದು, ಇವೆಲ್ಲ ಅಧ್ಯಾಪಕರ ಕೈಯಲ್ಲೇ ಇರುವ ಉಪಾಯಗಳು. ಎಲ್ಲಕ್ಕಿಂತ ಮೊದಲು ಮಾಡಬೇಕಾದುದು, ತೂಕಡಿಸುವ ಹುಡುಗನನ್ನು ಎಬ್ಬಿಸಿ ಗದರಿಸುವ ಮುನ್ನ, "ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆಯಪ್ಪಾ?" ಎಂದು ಕೇಳುವುದು. ಅವನ ಉತ್ತರವನ್ನು ಕೇಳಿದಮೇಲೆ ಅವನ ಬುದ್ಧಿಯನ್ನು ಕುರಿತು ತೀರ್ಪು ಕೊಡಲು ನಾವು ಅಷ್ಟು ಆತುರಪಡಲಾರೆವು.